ಮದುವೆ ಕುದುರೆಯೂ ಕಸ್ತೂರೆವ್ವನ ‘ಬ್ಯಾಡ’ವೂ

ಗದಗಿನಲ್ಲಿ ಕಸ್ತೂರೆವ್ವ ಎಂಬ ಹೆಣ್ಣುಮಗಳಿದ್ದಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಕೊಡುವುದು ಅವಳ ಕಸುಬು. ಗಂಡ ಅಂದಾನೆಪ್ಪ ಒಂದು ಛಾಪಖಾನೆಯಲ್ಲಿ ಕಾಗದ ಕತ್ತರಿಸುವ ಮಶೀನಿನ ಮೇಲಿದ್ದ. ಮಗಳು ಸ್ಫೂರ್ತಿಗೆ ಹದಿನಾಲ್ಕು, ಮಗ ಮಲ್ಲುವಿಗೆ ಹತ್ತು. ಇದ್ದುದರಲ್ಲಿ ಉಂಡು ಉಟ್ಟು ನಗುತ್ತಿದ್ದ ಮನೆ.

ಆದರೆ ಕಸ್ತೂರೆವ್ವನಿಗೆ ಒಂದು ಹುಚ್ಚಿತ್ತು. ಕುದುರೆಯ ಹುಚ್ಚು. ನಗಬೇಡಿ, ಹುಚ್ಚು ಯಾರಿಗಿಲ್ಲ? ನಿಮ್ಮದು ನಿಮಗೆ ಗೊತ್ತು, ನನ್ನದು ನನಗೆ ಗೊತ್ತು. ಬೆಳಿಗ್ಗೆ ಎದ್ದು ಅವಳು ಹಲಗೆಯ ಮೇಲೆ ಹಿಟ್ಟಿನುಂಡೆ ಇಟ್ಟು ತಟ್ಟಲು ಕುಳಿತರೆ ಟಪ್ ಟಪ್ ಟಪ್ ಎಂದು ಓಣಿಯ ತುದಿಯವರೆಗೆ ಕೇಳುತ್ತಿತ್ತು. ಓಣಿಯವರಿಗೆ ಅದು ರೊಟ್ಟಿಯ ಸದ್ದು. ಅವಳ ಕಿವಿಗೆ ಮಾತ್ರ ಅದು ಕುದುರೆಯ ಗೊರಸಿನ ಸದ್ದು.

ಕಾರಣವಿತ್ತು. ಅವಳ ಅಪ್ಪ ರೈಲು ನಿಲ್ದಾಣದ ಮುಂದೆ ಟಾಂಗಾ ಹೊಡೆಯುತ್ತಿದ್ದವನು. ಕಸ್ತೂರಿ ಚಿಕ್ಕವಳಿದ್ದಾಗ ಕುದುರೆಗೆ ಹುಲ್ಲು ಹಾಕಿದ್ದಳು, ಬಕೆಟ್ಟಿನಲ್ಲಿ ನೀರು ಹಿಡಿದಿದ್ದಳು, ಲದ್ದಿ ಬಳಿದಿದ್ದಳು. ಆದರೆ ಸಂಜೆ ಅದನ್ನು ಹೊಂಡಕ್ಕೆ ಮೈತೊಳೆಯಲು ಕರೆದೊಯ್ಯುವಾಗ ಬೆನ್ನೇರುತ್ತಿದ್ದುದು ಅವಳ ತಮ್ಮ. ಇವಳು ಹಿಂದೆ ಹಿಂದೆ ಬಕೆಟ್ಟು ಹೊತ್ತು ನಡೆಯುತ್ತಿದ್ದಳು. ಆಮೇಲೆ ಊರಿಗೆ ಆಟೋಗಳು ಬಂದವು. ಟಾಂಗಾ ಹತ್ತುವವರು ಇಲ್ಲವಾದರು. ಕುದುರೆಯನ್ನು ಮಾರುವ ಹಿಂದಿನ ದಿನ ಅಪ್ಪ ಅವಳನ್ನು ಕರೆದ.

“ಕಸ್ತೂರಿ, ನಾಳೆ ಇದು ಹೋಗ್ತೈತಿ. ಒಮ್ಮೆ ಮ್ಯಾಲೆ ಕುಂದ್ರತಿ ಏನವಾ?”

ಹೂಂ ಎನ್ನುವ ಮಾತು ಹುಡುಗಿಯ ಬಾಯಿಯವರೆಗೆ ಬಂತು. ಬಾಯಿಂದ ಬಂದ ಮಾತು ಮಾತ್ರ ಬೇರೆ.

“ಬ್ಯಾಡಪ್ಪಾ. ತಮ್ಮನ್ನ ಕುಂದ್ರಸು.”

ಅಪ್ಪ “ಹೂಂ” ಎಂದು ತಮ್ಮನನ್ನೇ ಎತ್ತಿ ಕೂರಿಸಿದ.

ಅಲ್ಲ, ಬೇಕಾಗಿದ್ದರೆ ಬೇಕು ಎನ್ನಬಾರದಿತ್ತೇ ಎಂದು ನೀವು ಕೇಳುತ್ತೀರಿ. ನಮ್ಮ ಕಡೆಯ ಪದ್ಧತಿ ಮರೆತಿರೇನು? ಬೀಗರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೀರಿ. ಹೋಳಿಗೆ ಬಂತು. ಅಂಗೈ ಅಡ್ಡ ಹಿಡಿದು “ಬ್ಯಾಡ ಬ್ಯಾಡ” ಎನ್ನಬೇಕು. ಬಡಿಸುವವರು “ಒಂದ ಒಂದು” ಎನ್ನಬೇಕು. ಮತ್ತೆ “ಬ್ಯಾಡ್ರಿ”. “ನನ್ನ ಆಣಿ ಐತಿ ನೋಡ್ರಿ ಮತ್ತ.” ಮೂರನೆಯ ಸಲಕ್ಕೆ ಕೈ ತಾನಾಗಿ ಸರಿಯುತ್ತದೆ, ಹೋಳಿಗೆ ಎಲೆಗೆ ಬೀಳುತ್ತದೆ, ಮೇಲೆ ತುಪ್ಪವೂ ಬೀಳುತ್ತದೆ. ಮೊದಲ ಸಲಕ್ಕೇ “ಹಾಕ್ರಿ” ಎಂದವರನ್ನು ಹೊಟ್ಟೆಬಾಕರೆಂದು ಆಡಿಕೊಳ್ಳುತ್ತಾರೆ. ಇದನ್ನು ಕಸ್ತೂರಿ ಅವ್ವನ ತೊಡೆಯ ಮೇಲೆ ಕುಳಿತೇ ಕಲಿತಿದ್ದಳು. ಅಪ್ಪ ಇನ್ನೆರಡು ಸಲ ಕೇಳುತ್ತಾನೆ ಎಂದು ಅವಳು ಕಾದಳು. ಟಾಂಗಾ ಹೊಡೆಯುವ ಮನುಷ್ಯ, ಅವಸರದಲ್ಲಿದ್ದ. ಒಂದೇ ಸಲ ಕೇಳಿದ.

ಅದಕ್ಕೆ ಮೂವತ್ತು ವರ್ಷವಾಯಿತು. ಆ “ಬ್ಯಾಡ” ಇನ್ನೂ ಅವಳ ಗಂಟಲಲ್ಲೇ ಇತ್ತು.

ಒಂದು ದಿನ ಅವಳ ಫೋನಿಗೆ ಯಾರೋ ಒಂದು ಚಿತ್ರ ಕಳಿಸಿದರು. ದೊಡ್ಡ ಊರಿನ ರೈಡಿಂಗ್ ಕ್ಲಬ್ಬು. ಇಡೀ ಮನೆಮಂದಿ ಸೇರಿ ಕುದುರೆ ಸವಾರಿ ಕಲಿಯಿರಿ ಎಂದು ಬರೆದಿತ್ತು. ಚಿತ್ರದಲ್ಲಿ ಅಪ್ಪ, ಅವ್ವ, ಇಬ್ಬರು ಮಕ್ಕಳು, ನಾಲ್ಕು ಕುದುರೆ. ಕಸ್ತೂರೆವ್ವ ಆ ಅವ್ವನ ಮುಖವನ್ನೇ ಬೆರಳಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಕೊನೆಗೆ ಕೈ ಒರೆಸಿಕೊಂಡು ಫೋನು ಹಚ್ಚಿದಳು.

“ಯಾರಿಗೆ ಮೇಡಂ, ತರಬೇತಿ?” ಆ ಕಡೆಯ ಹುಡುಗಿ ಕೇಳಿದಳು.

“ನನಗಲ್ರೀ ಮತ್ತ!” ಕಸ್ತೂರೆವ್ವ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಗಡಬಡಿಸಿದಳು. “ಹುಡುಗ್ರಿಗ್ರೀ. ಹುಡುಗ್ರು ಭಾಳ ಆಸೆ ಮಾಡ್ಯಾವು.”

ಹುಡುಗಿ ಒಳ್ಳೆಯವಳೇ. ಎಲ್ಲವನ್ನೂ ಬಿಡಿಸಿ ಹೇಳಿದಳು. ಒಬ್ಬರಿಗೆ ಹೇಳಿದ ಫೀಸಿನಲ್ಲಿ ಇವರ ಮನೆ ಮೂರು ತಿಂಗಳು ನಡೆಯುತ್ತಿತ್ತು. ಬೂಟು, ಟೊಪ್ಪಿಗೆ ಬೇರೆ. ಕಸ್ತೂರೆವ್ವ “ಆತು, ಮನ್ಯಾಗ ಕೇಳಿ ಹೇಳ್ತೀನ್ರೀ” ಎಂದು ಫೋನಿಟ್ಟಳು. ಮನೆಯಲ್ಲಿ ಏನು ಕೇಳುವುದು, ಮಣ್ಣು?

ಆದರೂ ಅವಳು ಬಿಡಲಿಲ್ಲ. ಮೊಸರು ಮಾರುವವಳನ್ನು ಕೇಳಿದಳು, ಹಿಟ್ಟಿನ ಗಿರಣಿಯವನನ್ನು ಕೇಳಿದಳು. ಬೈಪಾಸ್ ಹತ್ತಿರ ಒಬ್ಬರ ತೋಟದಲ್ಲಿ ಎರಡು ಕುದುರೆ ಇವೆ ಎಂದು ಗೊತ್ತಾಗಿ ನಡು ಮಧ್ಯಾಹ್ನ ನಡೆದುಕೊಂಡು ಹೋದಳು. ಅಲ್ಲಿಯ ಯಜಮಾನರು, “ಕಲಿಸೂದು ಗಿಲಿಸೂದು ಇಲ್ಲವಾ. ಕುಂದ್ರೂದು, ಫೋಟೋ ತಗಸ್ಕೊಳ್ಳೂದು, ಇಳಿಯೂದು” ಎಂದರು. ಫೋಟೋದಲ್ಲಿ ಕುದುರೆ ನಡೆಯುವುದಿಲ್ಲವಲ್ಲ. ಅವಳು ಬಿಸಿಲಲ್ಲಿ ಬರಿಗೈಲಿ ಹಿಂತಿರುಗಿದಳು. ಅವತ್ತು ರೊಟ್ಟಿ ತಟ್ಟುವಾಗ ಸದ್ದು ಜೋರಾಗಿತ್ತೆಂದು ಪಕ್ಕದ ಮನೆಯವರು ಹೇಳುತ್ತಾರೆ.

ಹುಡುಕಿದ್ದು ಕಾಲಿಗೇ ತೊಡರುತ್ತದೆ ಅನ್ನುತ್ತಾರಲ್ಲ, ಹಾಗೇ ಆಯಿತು. ಒಂದು ಕಲ್ಯಾಣ ಮಂಟಪಕ್ಕೆ ರೊಟ್ಟಿ ಕೊಡಲು ಹೋದವಳು ಹಿಂಬಾಗಿಲಲ್ಲಿ ನಿಂತುಬಿಟ್ಟಳು. ಬೇವಿನ ಗಿಡದ ಕೆಳಗೆ ಒಂದು ಬಿಳಿ ಕುದುರೆ ಬಕೆಟ್ಟಿಗೆ ಮುಖ ಹಾಕಿ ನೀರು ಕುಡಿಯುತ್ತಿತ್ತು. ಮೈಮೇಲೆ ಕೆಂಪು ಮಖಮಲ್ಲು, ಕೊರಳಲ್ಲಿ ಗೊಂಡೆ. ಮದುಮಗನನ್ನು ಮೆರವಣಿಗೆಯಲ್ಲಿ ತಂದ ಕುದುರೆ. ಪಕ್ಕದಲ್ಲಿ ಅದರ ಯಜಮಾನ ದಾವಲಸಾಬ, ಎಪ್ಪತ್ತರ ಮುದುಕ, ಬೀಡಿ ಹಚ್ಚಿಕೊಂಡು ಕುಳಿತಿದ್ದ.

“ಇದರ ಹೆಸರೇನ್ರೀ ಚಾಚಾ?”

“ಬಿಜಲಿ.”

“ಭಾಳ ಓಡತೈತೇನು?”

ದಾವಲಸಾಬ ಕೆಮ್ಮಿ ಕೆಮ್ಮಿ ನಕ್ಕ. “ಓಡೂದು? ಇಪ್ಪತ್ತು ವರ್ಷದ ಮುದುಕಿ ಈಕಿ. ಬಸ್ ನಿಲ್ದಾಣದಿಂದ ಇಲ್ಲೀತನ ಬರೂದಕ್ಕ ಎರಡ ತಾಸು ತಗೋತಾಳ. ಮದುವಿ ಕುದುರಿ ಓಡಿದ್ರ ಬೀಗರು ಹಿಂದ ಉಳೀತಾರಲ್ಲೇ ಯವ್ವಾ!”

ಕಸ್ತೂರೆವ್ವ ಸೆರಗಿನ ತುದಿ ಹಿಂಡಿದಳು. ಧೈರ್ಯ ಮಾಡಿ ಕೇಳಿಯೇಬಿಟ್ಟಳು. “ಹುಡುಗ್ರಿಗೆ ಕುದುರಿ ಹತ್ತೂದು ಕಲಿಸ್ತೀರೇನ್ರೀ? ಅವರಪ್ಪಗೂ. ನಾವು ಬಡವ್ರು ಅದೀವಿ. ರೊಟ್ಟಿ ಮಾಡ್ತೀನಿ ನಾನು.”

ಮುದುಕ ಅವಳನ್ನು ನೋಡಿದ, ಅವಳ ಬುಟ್ಟಿ ನೋಡಿದ, ಕುದುರೆಯ ಮೇಲೆ ತಾನೇ ಹೋಗಿ ಕುಳಿತಿದ್ದ ಅವಳ ಕೈಯನ್ನೂ ನೋಡಿದ.

“ಆಷಾಢ ಬರಾಕ ಹತ್ತೈತಿ. ಮದುವಿ ಇಲ್ಲ, ಮುಂಜಿ ಇಲ್ಲ. ಈಕಿ ಸುಮ್ನ ನಿಂತು ತಿಂತಾಳ. ಆಷಾಢದಾಗ ನಾಕು ಐತವಾರ ಬರತಾವ. ನಾಕೂ ಐತವಾರ ಮುಂಜಾನೆ ಮಂದೀನ ಕರ್ಕೊಂಡು ಬಾ. ನನಗ ಇಪ್ಪತ್ತು ರೊಟ್ಟಿ, ಈಕಿಗೆ ನೆನಸಿದ ಕಡ್ಲಿ. ಅಷ್ಟ ಫೀಸು. ಆದ್ರ ಒಂದು ಮಾತು ಕೇಳು. ಶ್ರಾವಣ ಹತ್ತೂದರಾಗ ನಾನು ಮಗಳ ಊರಿಗೆ ಹೋಗಾಂವ, ಈಕಿನ್ನೂ ಕರ್ಕೊಂಡು. ತಿರುಗಿ ಬರಂಗಿಲ್ಲ. ನಾಕು ಅಂದ್ರ ನಾಕ.”

ನಾಲ್ಕು ಭಾನುವಾರ! ಕಸ್ತೂರೆವ್ವನಿಗೆ ಮನೆಗೆ ನಡೆದು ಬಂದದ್ದೇ ಗೊತ್ತಾಗಲಿಲ್ಲ.

ಮನೆಯಲ್ಲಿ ಸುದ್ದಿ ಹೇಳಿದಾಗ ಅಂದಾನೆಪ್ಪ ಕಣ್ಣು ಕಣ್ಣು ಬಿಟ್ಟ. “ಕುದುರಿ? ನಮಗ್ಯಾಕ?” “ಹುಡುಗ್ರಿಗ್ರೀ,” ಎಂದಳು ಕಸ್ತೂರೆವ್ವ. ಅವನು ಮಕ್ಕಳ ಮುಖ ನೋಡಿದ. ಮಕ್ಕಳು ಅವ್ವನ ಮುಖ ನೋಡಿದವು. ಅವ್ವನ ಮುಖ ದೀಪ ಹಚ್ಚಿದ ಹಾಗಿತ್ತು. “ಹೂಂ ಅವ್ವಾ, ಹೋಗೂಣು,” ಎಂದವು.

ಮೊದಲ ಭಾನುವಾರ ಹೊರಡುವ ಮುನ್ನ ಕಸ್ತೂರೆವ್ವ ಬಾಗಿಲು ಹಾಕಿಕೊಂಡು ಒಂದು ಕೆಲಸ ಮಾಡಿದಳು. ಮಗಳ ಚೂಡಿದಾರದ ಪೈಜಾಮ ತೆಗೆದು ಸೀರೆಯ ಒಳಗೆ ಹಾಕಿಕೊಂಡಳು. ಯಾರಾದರೂ ಕೇಳಿದರೆ ಥಂಡಿ ಎಂದು ಹೇಳುವುದು. ಯಾರೂ ಕೇಳಲಿಲ್ಲ. ಒಂದು ಸ್ಟೀಲಿನ ತಾಟಿನಲ್ಲಿ ನೆನೆಸಿದ ಕಡಲೆ, ಬೆಲ್ಲದ ಚೂರು ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಡೆದಳು.

ಬೆಟಗೇರಿಯ ಕಡೆ ಒಂದು ಖಾಲಿ ಬಯಲಲ್ಲಿ ಬಿಜಲಿ ಕಾಯುತ್ತಿತ್ತು. ಹತ್ತಿ ಕುಳಿತರೆ ಆ ಕುದುರೆ ಹೆಜ್ಜೆ ಎತ್ತಲೊಲ್ಲದು. ಬ್ಯಾಂಡು ಇಲ್ಲದೆ ನಡೆದು ಅದಕ್ಕೆ ರೂಢಿಯೇ ಇಲ್ಲ! ದಾವಲಸಾಬ ಬಾಯಿಂದಲೇ “ಪೆಂ ಪೆಂ ಢಂ ಢಂ” ಎಂದು ಬ್ಯಾಂಡು ಬಾರಿಸಿದ ಮೇಲೆ ಕುಣಿಕುಣಿಯುತ್ತ ಹೊರಟಿತು. ಮೊದಲು ಅಂದಾನೆಪ್ಪ ಹತ್ತಿದ. ಜೋಳದ ಚೀಲ ಇಟ್ಟ ಹಾಗೆ ಕುಳಿತ. ಆಮೇಲೆ ಸ್ಫೂರ್ತಿ ಹತ್ತಿದಳು. ಗೆಳತಿಯರು ಯಾರಾದರೂ ಕಂಡಾರು ಎಂದು ಓಢಣಿಯನ್ನು ಮುಖಕ್ಕೆ ಸುತ್ತಿಕೊಂಡಳು. ಮಲ್ಲು ಹತ್ತಿ ಕಣ್ಣು ಮುಚ್ಚಿದವನು ಇಳಿದ ಮೇಲೆಯೇ ತೆರೆದ.

“ಇನ್ನ ನೀ ಹತ್ತತಿ ಏನವಾ?” ದಾವಲಸಾಬ ಕೇಳಿದ.

ಮೂವತ್ತು ವರ್ಷದಿಂದ ಕಾದ ಮಾತು. ಕಸ್ತೂರೆವ್ವನ ನಾಲಿಗೆ ತಾನು ಕಲಿತ ಪಾಠವನ್ನೇ ಒಪ್ಪಿಸಿತು.

“ಬ್ಯಾಡ್ರೀ ಚಾಚಾ. ಹುಡುಗ್ರು ಕಲೀಲಿ.”

ಹೇಳಿ ತಲೆ ತಗ್ಗಿಸಿ ನಿಂತಳು. ಈಗ ಅವನು “ಅರೇ, ಬಾರವಾ” ಎನ್ನಬೇಕು. ಗಂಡ “ಹತ್ತು, ಏನಾಗಂಗಿಲ್ಲ” ಎನ್ನಬೇಕು. ಮಕ್ಕಳು ಕೈ ಹಿಡಿದು ಎಳೆಯಬೇಕು. ದಾವಲಸಾಬ “ಆತು” ಎಂದು ಮಲ್ಲುವನ್ನು ಮತ್ತೆ ಹತ್ತಿಸಿದ.

ಅಯ್ಯೋ ಹೆಣ್ಣುಮಗಳೇ!

ಅವಳು ತಾಟು ಹಿಡಿದು ಬೇಲಿಯ ಬಳಿ ನಿಂತಳು. ಆಗ ಒಂದು ತಮಾಷೆ ನಡೆಯಿತು. ಸುತ್ತು ಹಾಕುತ್ತ ಬಂದ ಬಿಜಲಿ ಅವಳ ಮುಂದೆ ಗಪ್ಪನೆ ನಿಂತಿತು. ಬ್ಯಾಂಡು ಬಾರಿಸಿದರೂ ಇಲ್ಲ, ಲಗಾಮು ಜಗ್ಗಿದರೂ ಇಲ್ಲ.

“ಕಡ್ಲಿ ಆಸೆಗೆ ನಿಂತೈತಿ,” ಎಂದ ಅಂದಾನೆಪ್ಪ.

“ಅಲ್ಲಪ್ಪೋ,” ಎಂದ ದಾವಲಸಾಬ. “ಮೆರವಣಿಗಿ ಹೋಗುವಾಗ ಹೆಣ್ಣುಮಕ್ಕಳು ತಾಟು ಹಿಡಕೊಂಡು ಆರತಿ ಮಾಡಾಕ ಬರತಾರಲ್ಲ, ಈಕಿ ನಿಂದ್ರಬೇಕು. ಆರತಿ ಆದ ಮ್ಯಾಲೆನ ಮುಂದಿನ ಹೆಜ್ಜಿ. ಹದಿನೈದು ವರ್ಷದ ರೂಢಿ. ತಂಗಿ, ತಾಟು ಒಂದೀಟು ತಿರುವು.”

ಕಸ್ತೂರೆವ್ವ ತಾಟನ್ನು ಮೂರು ಸಲ ಸುತ್ತಿದಳು. ಬಿಜಲಿ ತಲೆಯಾಡಿಸಿ ಮುಂದೆ ಹೋಯಿತು. ಮರುಸುತ್ತಿಗೆ ಮತ್ತೆ ಬಂದು ನಿಂತಿತು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಬಿಜಲಿಯ ಬಿಸಿ ಉಸಿರು ಅಂಗೈಗೆ ತಾಗಿದಾಗ ಮಾತ್ರ ಅವಳಿಗೆ ಅಳು ಬಂದಂತಾಯಿತು. ಎಲ್ಲರ ಸವಾರಿಗೂ ಆರತಿ ಎತ್ತುವುದೇ ತನ್ನ ಹಣೆಬರಹವೇ ಎಂದುಕೊಂಡಳು.

ಎರಡನೆಯ ಭಾನುವಾರವೂ ಪೈಜಾಮ ಹಾಕಿಕೊಂಡು ಹೋದಳು. ದಾವಲಸಾಬ ಒಂದು ಸಲ ಕೇಳಿದ. “ಬ್ಯಾಡ್ರೀ,” ಎಂದಳು. ಅವನು ಮಲ್ಲುವನ್ನು ಹತ್ತಿಸಿದ. ಮೂರನೆಯ ಭಾನುವಾರವೂ ಅದೇ ರಾಗ ಅದೇ ಹಾಡು. ಮನೆಗೆ ಬರುವ ದಾರಿಯಲ್ಲಿ ಅವಳು ಸಿಟ್ಟಿನಿಂದ ಕುದಿಯುತ್ತಿದ್ದಳು. ಮುದುಕನಿಗೆ ಬುದ್ಧಿಯಿಲ್ಲ, ಇನ್ನೊಂದು ಮಾತು ಕೇಳಿದರೆ ಅವನ ಗಂಟೇನು ಹೋಗುತ್ತಿತ್ತು? ಗಂಡನಿಗೆ ಕಣ್ಣಿಲ್ಲ. ಮಕ್ಕಳಿಗೆ ಕರುಳಿಲ್ಲ. ಹೀಗೆ ಎಲ್ಲರನ್ನೂ ಬೈದಳು, ತನ್ನ ನಾಲಿಗೆಯೊಂದನ್ನು ಬಿಟ್ಟು.

ಉಳಿದದ್ದು ಒಂದೇ ಭಾನುವಾರ. ಆ ವಾರವೆಲ್ಲ ಅವಳಿಗೆ ರೊಟ್ಟಿ ತಟ್ಟಲು ಮನಸ್ಸಿಲ್ಲ. ತಟ್ಟಿದರೆ ಅದೇ ಸದ್ದು ಕೇಳುತ್ತದಲ್ಲ.

ಶನಿವಾರ ಸಂಜೆ ಒಣಹಾಕಿದ ಬಟ್ಟೆ ತರಲು ಮಾಳಿಗೆ ಹತ್ತಿದಳು. ಕೆಳಗೆ ಕಟ್ಟೆಯ ಮೇಲೆ ಅಪ್ಪ ಮಕ್ಕಳು ಕುಳಿತಿದ್ದರು. ಸ್ಫೂರ್ತಿ ಅಪ್ಪನ ಸೊಂಟಕ್ಕೆ ಮುಲಾಮು ತಿಕ್ಕುತ್ತಿದ್ದಳು.

“ಯಪ್ಪಾ, ನಿನಗ ಇಷ್ಟು ನೋಯ್ತೈತಿ, ಯಾಕ ಹತ್ತತಿ ಆ ಕುದುರಿ?”

“ನಿಮ್ಮ ಸಂಬಂಧನವಾ. ನಿಮಗ ಆಸೆ ಐತಿ ಅಂತ ನಿಮ್ಮವ್ವ ಅಂದ್ಲು. ನಾ ಹತ್ತಿದ್ರ ನಿಮ್ಮ ಅಂಜಿಕಿ ಹೋಗ್ತೈತಿ ಅಂತ.”

“ನಮಗ ಆಸೆ?” ಮಲ್ಲುವಿನ ದನಿ ಏರಿತು. “ನನಗ ಕುದುರಿ ಕಂಡ್ರ ಓಡಿ ಹೋಗಬೇಕು ಅನ್ನಸ್ತೈತಿ! ಅವ್ವ ಬ್ಯಾಸರ ಮಾಡ್ಕೋತಾಳ ಅಂತ ಹತ್ತತೀನಿ ನಾನು.”

“ನಾನೂ ಹಂಗನ,” ಎಂದಳು ಸ್ಫೂರ್ತಿ. “ಐತವಾರ ಮುಂಜಾನೆ ಅವ್ವನ ಮುಖ ನೋಡಿಯೇನು? ಬ್ಯಾಡ ಅನ್ನಾಕ ಮನಸ್ಸ ಬರಂಗಿಲ್ಲ.”

“ಮತ್ತ ಅವ್ವ ಯಾಕ ಹತ್ತಂಗಿಲ್ಲ?” ಮಲ್ಲು ಕೇಳಿದ.

“ಆಕೀಗೆ ಬೇಕಾಗಿಲ್ಲಪಾ. ಕೇಳಿದಾಗೊಮ್ಮೆ ಬ್ಯಾಡ ಅಂತಾಳಲ್ಲ,” ಎಂದ ಅಂದಾನೆಪ್ಪ.

ಕಸ್ತೂರೆವ್ವ ಒಣಗಿದ ಬಟ್ಟೆಯನ್ನು ಎದೆಗವಚಿಕೊಂಡು ಮಾಳಿಗೆಯ ಮೇಲೇ ಕುಳಿತಳು. ನೋಡಿ ಎಂಥ ವಿಚಿತ್ರ! ಬೇಡವಾದ ಮೂವರು ಮೂರು ವಾರ ಕುದುರೆ ಹತ್ತಿದ್ದರು, ಬೇಕಾದ ಒಬ್ಬಳು ಕೆಳಗೆ ನಿಂತಿದ್ದಳು. ಒಬ್ಬರಿಗಾಗಿ ಒಬ್ಬರು ಮೈ ನೋಯಿಸಿಕೊಂಡಿದ್ದರು. ಪ್ರೀತಿಯಿಂದಲೇ ಮಾಡಿದ್ದರು ಅನ್ನಿ. ಆದರೂ ನಾಲ್ವರಲ್ಲಿ ಒಬ್ಬರಿಗೂ ಅದರಿಂದ ಸುಖವಾಗಿರಲಿಲ್ಲ. ತನ್ನ ಆಸೆಯ ಮೂಟೆಯನ್ನು ಮಕ್ಕಳ ತಲೆಗೆ ಹೊರಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. “ಇನ್ನ ಸಾಕು,” ಎಂದುಕೊಂಡಳು. “ನಾಳೆ ನಾನೊಬ್ಬಳ ಹೋಗಿ, ಬರಂಗಿಲ್ಲ ಅಂತ ಹೇಳಿ ಬರತೀನಿ.”

ಭಾನುವಾರ ಮುಂಜಾನೆ ಮನೆಯವರು ಏಳುವ ಮುಂಚೆ ರೊಟ್ಟಿ ಕಟ್ಟಿಕೊಂಡಳು. ತಾಟಿನಲ್ಲಿ ಕಡಲೆ ಇಟ್ಟುಕೊಂಡಳು. ಬರುವುದಿಲ್ಲ ಎಂದು ಹೇಳಲು ಹೊರಟವಳು ಪೈಜಾಮ ಯಾಕೆ ಹಾಕಿಕೊಂಡಳು ಎಂದು ನನ್ನನ್ನು ಕೇಳಬೇಡಿ. ಹಾಕಿಕೊಂಡಳು, ಅಷ್ಟೇ.

ಬಯಲಲ್ಲಿ ಬಿಜಲಿಯ ಬೆನ್ನಿಗೆ ಜೀನು ಬಿಗಿದಿತ್ತು. ದಾವಲಸಾಬನ ಗಂಟುಮೂಟೆ ಪಕ್ಕದಲ್ಲೇ ಕಟ್ಟಿ ಇಟ್ಟಿತ್ತು. ಸಂಜೆಯ ಲಾರಿಗೆ ಪ್ರಯಾಣ.

“ಮಂದಿ ಎಲ್ಲೈತವಾ?”

“ಬರಂಗಿಲ್ರೀ. ಹುಡುಗ್ರಿಗೆ ಮನಸ್ಸಿಲ್ಲ. ಅವರಪ್ಪಗ ಸೊಂಟ ಹಿಡದೈತಿ.” ಅವಳು ರೊಟ್ಟಿಯ ಗಂಟನ್ನು ಅವನ ಮುಂದಿಟ್ಟಳು.

“ಮತ್ತ ನೀ ಹತ್ತತಿ ಏನು?”

ನಾಲ್ಕನೆಯ ಸಲ. ಕಸ್ತೂರೆವ್ವ ಕೈಯಲ್ಲಿದ್ದ ತಾಟಿನ ಕಡೆ ನೋಡಿದಳು. “ಬ್ಯಾಡ್ರೀ,” ಎಂದಳು.

“ಆತು,” ಎಂದು ದಾವಲಸಾಬ ಕುದುರೆಯ ಹೊಟ್ಟೆಯ ಕೆಳಗೆ ಕೈ ಹಾಕಿ ಜೀನಿನ ಪಟ್ಟಿ ಬಿಚ್ಚತೊಡಗಿದ.

ಪಟ್ಟಿಯ ಒಂದು ಕೊಂಡಿ ಕಳಚಿತು. ಕಸ್ತೂರೆವ್ವನಿಗೆ ತಡೆಯಲಾಗಲಿಲ್ಲ.

“ಅಲ್ರೀ ಚಾಚಾ!” ಸಿಟ್ಟೂ ಅಳುವೂ ಒಟ್ಟಿಗೆ ಬಂದವು. “ಒಂದ ಸರ್ತಿ ಕೇಳಿ ಸುಮ್ನಾಗಿಬಿಡೂದೇನ್ರೀ? ಹಸದಾವ್ರಿಗೆ ರೊಟ್ಟಿ ಹಾಕುವಾಗರ ನಾ ಮೂರು ಸರ್ತಿ ಕೇಳ್ತೀನಿ! ಇನ್ನೊಂದು ಮಾತು ಅಂದ್ರ ನಿಮ್ಮ ಬಾಯಿ ಸವೀತಿತ್ತೇನು?”

ದಾವಲಸಾಬ ಕೈ ನಿಲ್ಲಿಸಿದ. ತಿರುಗಿ ಅವಳನ್ನು ನೋಡಿದ. ಮುಖದಲ್ಲಿ ನಗುವಿರಲಿಲ್ಲ.

“ಕೇಳಿಲ್ಲಿ ಮಗಳ. ನಲವತ್ತು ವರ್ಷ ಮದುಮಕ್ಕಳನ್ನ ಹತ್ತಿಸೇನಿ. ಸುರುವಿಗೆ ನಾನೂ ಹಂಗ ಮಾಡ್ತಿದ್ದೆ. ಬ್ಯಾಡ ಅಂದವ್ರನ್ನ ಎಳದು ಎಳದು ಕುಂದ್ರಸ್ತಿದ್ದೆ. ಒಬ್ಬ ಹುಡುಗ ಬ್ಯಾಡ ಬ್ಯಾಡ ಅಂತನ ಇದ್ದ. ಉಪಚಾರಕ್ಕ ಅಂತಾನ ಅಂತ ತಿಳದು ಕುಂದ್ರಸಿದ್ನಿ. ಅವನ ಅಂಜಿಕಿ ಕುದುರಿಗೆ ಇಳೀತು. ಕುದುರಿ ಮುಂಗಾಲು ಎತ್ತಿ ನಿಂತಿತು. ಮದುಮಗನ ಕೈ ಮುರೀತು. ಅವತ್ತಿಂದ ನಂದು ಒಂದ ಮಾತು. ಒಂದ ಸರ್ತಿ ಕೇಳ್ತೀನಿ. ಬ್ಯಾಡ ಅಂದ್ರ ಬ್ಯಾಡ. ಯಾರ ಬ್ಯಾಡ ಖರೇ, ಯಾರದು ಸುಳ್ಳು ಅಂತ ಕುದುರಿಗೆ ಹೆಂಗ ತಿಳೀಬೇಕು? ನನಗರ ಹೆಂಗ ತಿಳೀಬೇಕು? ಊಟದ ಪಂಕ್ತಿ ಅಲ್ಲ ಇದು.”

ಅವನು ಮತ್ತೆ ಪಟ್ಟಿಗೆ ಕೈ ಹಾಕಿದ.

ಕಸ್ತೂರೆವ್ವ ನಿಂತೇ ಇದ್ದಳು. ಎದುರಿಗೆ ಬಿಜಲಿಯೂ ನಿಂತಿತ್ತು, ಅವಳ ಕೈಯ ತಾಟನ್ನೇ ನೋಡುತ್ತ. ಅಪ್ಪನ ಟಾಂಗಾ ಕುದುರೆಯ ಕಣ್ಣೂ ಹೀಗೇ ಇತ್ತು. ಅವತ್ತೂ ಅವಳು ಹೀಗೇ ನಿಂತಿದ್ದಳು. ಈಗ ಸುಮ್ಮನಿದ್ದರೆ ಮುಂದೆ ಕೇಳುವವರಿಲ್ಲ, ಹತ್ತಲು ಕುದುರೆಯೂ ಇರುವುದಿಲ್ಲ. ಬಾಯಿ ತೆರೆದಳು. ನಾಲಿಗೆಗೆ ಬಂದದ್ದು ಮತ್ತೆ ‘ಬ್ಯಾಡ’ವೇ, ಅದನ್ನು ನುಂಗಿದಳು. ಮತ್ತೆ ತೆರೆದಳು.

“ನನಗ ಬೇಕು,” ಎಂದಳು.

ಅದು ಎಷ್ಟು ಸಣ್ಣ ದನಿಯಲ್ಲಿ ಬಂತೆಂದರೆ ಅವಳಿಗೇ ಸರಿಯಾಗಿ ಕೇಳಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. “ನನಗ ಬೇಕ್ರೀ ಚಾಚಾ. ಹುಡುಗ್ರಿಗಲ್ಲ, ಅವರಪ್ಪಗಲ್ಲ. ನಾ ಕುದುರಿ ಹತ್ತಬೇಕು. ಸಣ್ಣಾಕಿ ಇದ್ದಾಗಿಂದ ಬೇಕಾಗೈತಿ.”

ದಾವಲಸಾಬ ಕಳಚಿದ ಕೊಂಡಿಯನ್ನು ಮತ್ತೆ ಬಿಗಿದ. ಕಾಲಿಡಲು ರಿಕಾಬು ಹಿಡಿದ. ಕಸ್ತೂರೆವ್ವ ತಾಟನ್ನು ಕಲ್ಲಿನ ಮೇಲಿಟ್ಟು ಸೀರೆ ಎತ್ತಿ ಕಟ್ಟಿದಳು. ಒಳಗಿಂದ ಹಸಿರು ಹೂವಿನ ಪೈಜಾಮ ಕಂಡಿತು.

“ಓಹೋ!” ಎಂದ ಮುದುಕ. “ನಾಕೂ ಐತವಾರ ಇದನ್ನ ಹಾಕ್ಕೊಂಡ ಬಂದಿದ್ದೇನು?”

“ಹೂನ್ರೀ,” ಎಂದಳು ಕಸ್ತೂರೆವ್ವ, ನಾಚಿಕೊಂಡು.

“ಯಾ ಅಲ್ಲಾ! ಕಾಲು ಹೂಂ ಅಂದಾವು, ಬಾಯಿ ಒಲ್ಲೆ ಅಂದೈತಿ!”

ಹತ್ತಿದಳು. ಮೇಲಿನಿಂದ ನೋಡಿದರೆ ಬಯಲು ಬೇರೆಯೇ ಆಗಿ ಕಂಡಿತು. ಬೇಲಿಯಾಚೆ ನೇಕಾರರ ಮನೆಗಳ ಮಾಳಿಗೆ, ಬಣ್ಣದ ನೂಲು ಒಣಗಲು ಹಾಕಿದ ಗಳ, ದೂರದಲ್ಲಿ ಕಪ್ಪತಗುಡ್ಡದ ನೀಲಿ. ಚಿಕ್ಕಂದಿನಲ್ಲಿ ತಮ್ಮ ಕುದುರೆಯ ಮೇಲಿಂದ ದಿನಾ ಕಂಡದ್ದು ಇಂಥದ್ದನ್ನೇ. ಕಸ್ತೂರೆವ್ವ ಬಿಜಲಿಯ ಕತ್ತಿನ ಮೇಲೆ ಅಂಗೈ ಇಟ್ಟಳು. ರೊಟ್ಟಿ ತಟ್ಟಿ ತಟ್ಟಿ ದಡ್ಡುಗಟ್ಟಿದ ಅಂಗೈ. ಬಿಜಲಿ ಬ್ಯಾಂಡಿಗೂ ಕಾಯದೆ ಹೆಜ್ಜೆ ಎತ್ತಿತು. ಟಪ್, ಟಪ್, ಟಪ್. ಹಲಗೆಯ ಮೇಲಲ್ಲ, ಈ ಸಲ ಅವಳ ಮೈಯೊಳಗೇ ಆ ಸದ್ದು ಹತ್ತಿ ಬಂತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ, ಲಗಾಮಿದೆ. ಸುರಿಯಲಿ ಎಂದು ಬಿಟ್ಟಳು.

ಅಷ್ಟರಲ್ಲಿ ಮನೆಯಲ್ಲಿ ಅವಳನ್ನು ಕಾಣದೆ ಹುಡುಕಿಕೊಂಡು ಮೂವರೂ ಓಡಿ ಬಂದಿದ್ದರು. ಬೇಲಿಯ ಬಳಿ ಬಂದವರು ಹಾಗೇ ನಿಂತರು. ಅವ್ವ ಕುದುರೆಯ ಮೇಲಿದ್ದಳು. ಬೆನ್ನು ನೆಟ್ಟಗೆ, ಸೆರಗು ಸೊಂಟಕ್ಕೆ. ಮೂರು ವಾರ ಕಲಿತ ಅವರಲ್ಲಿ ಒಬ್ಬರಿಗೂ ಹಾಗೆ ಕೂರಲು ಬಂದಿರಲಿಲ್ಲ.

“ಅವ್ವಾ, ಅದು ನನ್ನ ಪೈಜಾಮ!” ಎಂದಳು ಸ್ಫೂರ್ತಿ. ಎಂದವಳಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಬೇಲಿ ದಾಟಿ ಒಳಗೆ ನಡೆದು ಕಲ್ಲಿನ ಮೇಲಿದ್ದ ತಾಟನ್ನು ಎತ್ತಿಕೊಂಡಳು.

ತಾಟು ಕಂಡ ಬಿಜಲಿ ಅವಳ ಮುಂದೆ ನಿಂತಿತು. ಸ್ಫೂರ್ತಿ ತಲೆಯೆತ್ತಿ ಅವ್ವನನ್ನು ನೋಡುತ್ತ ತಾಟನ್ನು ಮೂರು ಸಲ ಸುತ್ತಿದಳು. ಹುಟ್ಟಿದಾಗಿನಿಂದ ಯಾರ‍್ಯಾರಿಗೋ ಆರತಿ ಎತ್ತಿದ್ದ ಕಸ್ತೂರೆವ್ವ ಅವತ್ತು ಮಗಳ ಕೈಯಿಂದ ಆರತಿ ಮಾಡಿಸಿಕೊಂಡಳು.

“ಇಷ್ಟು ಬೇಕಾಗಿತ್ತಂದ್ರ ಒಂದ ಮಾತು ಅನ್ನಬಾರದೇನ ಕಸ್ತೂರಿ?” ಅಂದಾನೆಪ್ಪ ಕೇಳಿದ. “ಮೂರು ಐತವಾರ ನನ್ನ ಸೊಂಟಾನೂ ಉಳೀತಿತ್ತು, ನಿನ್ನ ಆಸೇನೂ ತೀರ್ತಿತ್ತು.”

“ಅನ್ನಾಕ ಬರಲಿಲ್ರೀ,” ಎಂದಳು ಅವಳು.

ಅಂದಾನೆಪ್ಪ ಆ ಕಡೆ ಈ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಗಂಭೀರ ಮನುಷ್ಯ “ಪೆಂ ಪೆಂ ಢಂ ಢಂ” ಎಂದು ಬಾಯಿ ಬ್ಯಾಂಡು ಬಾರಿಸತೊಡಗಿದ. ಬಿಜಲಿ ಕುಣಿಯುತ್ತ ಹೊರಟಿತು. ಬಿಸಿಲು ಏರುವವರೆಗೆ ಕಸ್ತೂರೆವ್ವ ಸುತ್ತಿದಳು.

ಸಂಜೆ ಲಾರಿ ಬಂತು. ಬಿಜಲಿ ಹೋಯಿತು. ಕಸ್ತೂರೆವ್ವ ರಸ್ತೆಯ ಅಂಚಿನಲ್ಲಿ ನಿಂತು, ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಒಂದು ಭಾನುವಾರ ಸಿಕ್ಕಿತ್ತು. ಕಳೆದುಕೊಂಡ ಮೂರನ್ನು ಯಾರೂ ತಿರುಗಿ ಕೊಡಲಿಲ್ಲ. ನೆನೆದಾಗ ಇವತ್ತಿಗೂ ಅವಳಿಗೆ ಸಂಕಟವಾಗುತ್ತದೆ. ನಾಲ್ಕೂ ಸಿಕ್ಕಿದ್ದರೆ ಬಿಜಲಿ ತನ್ನನ್ನು ಹೊತ್ತು ಓಡುತ್ತಿತ್ತೇನೋ ಎಂದುಕೊಳ್ಳುತ್ತಾಳೆ.

ಶ್ರಾವಣದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಕಸ್ತೂರೆವ್ವ ಊಟಕ್ಕೆ ಕುಳಿತಿದ್ದಳು. ಹೋಳಿಗೆ ಬಂತು. ಬಡಿಸುವಾಕೆ ಬಗ್ಗಿ, “ಹಾಕ್ಲಿ ಏನ್ರೀ?” ಎಂದಳು. ಅಕ್ಕಪಕ್ಕದವರೆಲ್ಲ ಅಂಗೈ ಅಡ್ಡ ಹಿಡಿದು ಕುಳಿತಿದ್ದರು.

“ಹಾಕವಾ,” ಎಂದಳು ಕಸ್ತೂರೆವ್ವ. “ತುಪ್ಪಾನೂ ಹಾಕು.”

ಪಂಕ್ತಿಯೇ ತಿರುಗಿ ನೋಡಿತು. ಅವಳು ತಲೆಯೆತ್ತದೆ ಉಂಡಳು.

ನೀತಿ: ಮನಸ್ಸಿನಲ್ಲಿರುವ ಆಸೆಯನ್ನು ನಮ್ಮ ಹೆಸರಿನಲ್ಲೇ, ನಮ್ಮ ಬಾಯಿಂದಲೇ ಕೇಳಬೇಕು. ಅದನ್ನು ಮಕ್ಕಳ ಹೆಸರಿನಲ್ಲಿ ಕೇಳಿದರೆ ಅವರಿಗೆ ಹೊರೆ, ನಮಗೆ ಉಪವಾಸ. ಹೋಳಿಗೆಯನ್ನು ಮೂರು ಸಲ ಕೇಳಿ ಬಡಿಸುವವರು ಸಿಕ್ಕಾರು. ಬದುಕು ಮಾತ್ರ ಒಂದೇ ಸಲ ಕೇಳಿ ಮುಂದೆ ಹೋಗುತ್ತದೆ.